ಅಳತೆ ಪುಸ್ತಕ

ಪುಟ ನಲವತ್ತೊಂದು. ಐವತ್ತೆಂಟನೇ ಇಸವಿ.
ಎದೆ ಮೂವತ್ತೆರಡು, ಸೊಂಟ ಇಪ್ಪತ್ತೈದೂವರೆ.
ಹೆಸರಿನ ಜಾಗದಲ್ಲಿ: ಪಾತ್ರೆ ಅಂಗಡಿ ಧರಣೇಂದ್ರಯ್ಯನವರ ಮಗಳು.
ಬಟ್ಟೆಯ ಜಾಗ ಖಾಲಿ.
ಅಂಗಿ ಪ್ಯಾಂಟು ಎರಡೂ ಒಂದೇ ಆದ ಉಡುಪಿಗೆ,
ಅದೂ ಹೆಂಗಸು ತೊಡುವುದಕ್ಕೆ,
ಹಾಸನದ ಪೇಟೆಯಲ್ಲಿ ಆಗ ಹೆಸರಿರಲಿಲ್ಲ.

ಕಾಲಿನ ಒಳಅಳತೆ ಬಂದಾಗ ಅಪ್ಪ
ಟೇಪನ್ನು ಅಜ್ಜಿಯ ಕೈಗೆ ಕೊಟ್ಟು ಬೀದಿಗೆ ಹೋಗಿ ನಿಂತ.
ಪರದೆಯ ಹಿಂದಿನಿಂದ ಅಜ್ಜಿ ಮರಾಠಿಯಲ್ಲಿ ಕೂಗಿದ ಅಂಕಿಗಳನ್ನು
ಕನ್ನಡದಲ್ಲಿ ಬರೆದುಕೊಂಡವನು ನಾನು,
ಕಾಜಾ ಹೊಲಿಯುವ ಹುಡುಗ, ಹನ್ನೊಂದು ವರ್ಷ.

"ಮೊಣಕಾಲ ಮೇಲೊಂದು ಜೇಬಿರಲಿ."
"ಅಲ್ಲಿ ಯಾಕೆ ಮಗಾ?"
"ಕೂತಾಗ ಕೈಗೆ ಸಿಗಬೇಕು. ನಕ್ಷೆ ಇಡೋದಕ್ಕೆ."
"ದಾರಿ ಗೊತ್ತಿಲ್ಲದ ಕಡೆ ಹೋಗ್ತಾರೇನೇ?"
"ದಾರೀನೇ ಇರಲ್ಲ ಅಜ್ಜಿ. ಅದಕ್ಕೇ."

ಪುಟ ಎಂಬತ್ತೆಂಟು. ಮೊಣಕೈಗೆ ತೇಪೆ, ಎರಡು.
ತಿಪಟೂರಿನಾಚೆ ಎಂಜಿನ್ ಕೆಮ್ಮಿ ನಿಂತು
ರಾಗಿ ಹೊಲದಲ್ಲಿ ಇಳಿದಿದ್ದರು ಕುಸುಮಾವತಿ ಅಕ್ಕ.
ಹೊಲದವನು ಮೊದಲು ಬೈದ,
ಆಮೇಲೆ ಪೈಲಟ್ ಎಲ್ಲಿ ಅಂತ ಹುಡುಕಿದ,
ಆಮೇಲೆ ಮಜ್ಜಿಗೆ ತಂದ.

ಪುಟ ನೂರ ಮೂವತ್ತಕ್ಕೆ ಅಂಟಿಕೊಂಡಿದೆ ನೀಲಿ ಕಲೆ.
ದೊಡ್ಡ ಕಂಪನಿಯವರು ಪತ್ರ ಬರೆದಿದ್ದರಂತೆ:
ವಿಮಾನ ನಡೆಸುವ ಕೆಲಸ ಇಲ್ಲ,
ಸೀರೆಯುಟ್ಟು ಕಾಫಿ ಕೊಡುವ ಕೆಲಸ ಇದೆ.
ಅಕ್ಕ ಹೋದದ್ದು ಕೇರಳಕ್ಕೆ,
ರಬ್ಬರ್ ಮರಗಳ ನೆತ್ತಿ ಸವರಿಕೊಂಡು
ಮೈಲುತುತ್ತದ ಔಷಧಿ ಸುರಿಯಲಿಕ್ಕೆ.
ಉಡುಪು ಬಿಚ್ಚಿ ಹೊಲಿಯಲು ತಂದರೆ
ಒಗೆದರೂ ಹೋಗದ ನೀಲಿ ನಮ್ಮ ಕತ್ತರಿಗೂ ಹತ್ತಿತು.
"ಅಪ್ಪ ಮಾರೋದೂ ತಾಮ್ರ, ನಾನು ಚೆಲ್ಲೋದೂ ತಾಮ್ರ,"
ಅಂದು ನಕ್ಕಿದ್ದರು. ಆ ಸಲ ಸೊಂಟ ಇಪ್ಪತ್ತೊಂಬತ್ತು.

ಮದುವೆಯ ರವಿಕೆಗೆ ಅಳತೆ ಈ ಪುಸ್ತಕದಲ್ಲಿಲ್ಲ.
ಯಾರೂ ಕೇಳಲಿಲ್ಲವೋ, ಅಕ್ಕ ಒಪ್ಪಲಿಲ್ಲವೋ.
ದರ್ಜಿಗೆ ಗೊತ್ತಾಗುವುದು ಬಂದ ಬಟ್ಟೆಯ ಸುದ್ದಿ ಮಾತ್ರ.

ಅರವತ್ತೊಂಬತ್ತರ ಒಂದು ಸಂಜೆ
ಬೂವನಹಳ್ಳಿಯ ಬಯಲಿಗೆ ಪುಷ್ಪಕ ಇಳಿಸಿ ಅಂಗಡಿಗೆ ಬಂದರು.
"ನನ್ನ ಅಳತೆ ಎಷ್ಟು ಸಲ ತಗೊಂಡೆ, ಗಣೋಜಿ.
ಈಗ ನಿನ್ನ ಅಳತೆ ಕೊಡು."
ಹಂಡೆ ತೂಗುವ ತಕ್ಕಡಿಯಲ್ಲಿ ನನ್ನನ್ನು ಕೂರಿಸಿದರು,
ಧರಣೇಂದ್ರಯ್ಯನವರು ಮುಖ ಗಂಟಿಕ್ಕಿಕೊಂಡೇ
ಒಂದೊಂದಾಗಿ ಬಟ್ಟು ಇಟ್ಟರು.

ಮೇಲಿನಿಂದ ಹೊಲಗದ್ದೆ ಕೌದಿಯ ಹಾಗೆ ಕಾಣುತ್ತದೆ
ಎಂದು ಎಲ್ಲರೂ ಹೇಳುತ್ತಾರೆ. ಹೊಲಿಯದವರ ಮಾತು.
ಕೌದಿಗೆ ಅಂಚು ಉಂಟು.
ನಾನು ಅಂಚು ಹುಡುಕಿದೆ, ಹೊಯ್ಸಳರ ಕೆರೆಗಳಾಚೆ,
ಕಾಗದದ ಮಡಿಕೆಯಂಥ ಬಾಬಾಬುಡನ್ ಸಾಲಿನಾಚೆ;
ಹೊಟ್ಟೆ ತೊಳಸಿತು.

ಕೆಳಗೆ ಊರಿಗೆ ಹೊತ್ತು ಮುಳುಗಿತ್ತು.
ಜೈನರ ಮನೆಗಳಲ್ಲಿ ಎಲೆ ಎತ್ತಿ ಆಗಿತ್ತು.
ಅಕ್ಕ ಮೊಣಕಾಲ ಜೇಬಿನಿಂದ, ನಕ್ಷೆಯ ಅಡಿಯಿಂದ,
ಅವಲಕ್ಕಿ ಉಂಡೆ ತೆಗೆದು ಎಂಜಿನ್ ಸದ್ದಿನ ಮೇಲೆ ಕೂಗಿದರು:
"ಇಲ್ಲಿ ಇನ್ನೂ ನಾಲ್ಕು ನಿಮಿಷ ಬಿಸಿಲಿದೆ. ತಿನ್ನು.
ನಮ್ಮಮ್ಮನಿಗೆ ಹೇಳಬೇಡ."

ಹೇಳಲಿಲ್ಲ.

ಕೊನೆಯ ಸಲ ಬಂದಾಗ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿತ್ತು,
ಲೈಸೆನ್ಸು ಹೋಗಿತ್ತು, ಸೊಂಟ ಮೂವತ್ತಾರು.
ರವಿಕೆಗೆ ಎಡಗಡೆ ಒಳಜೇಬು ಕೇಳಿದರು, ಕನ್ನಡಕಕ್ಕೆ.
ಇಟ್ಟುಕೊಟ್ಟೆ. ಹೊರಗೆ ಗೆರೆ ಕಾಣದ ಹಾಗೆ.

ಈಗ ಪುಸ್ತಕದ ಬೆನ್ನು ಬಿಟ್ಟಿದೆ. ಗೆದ್ದಲು ಮಾರ್ಜಿನ್ ತಿಂದಿದೆ.
ಊರಿನ ಸಾವಿರಾರು ಎದೆ, ತೋಳು, ಕುತ್ತಿಗೆಯ ನಡುವೆ
ಒಂದೇ ಒಂದು ಸಾಲು ನನ್ನ ಕೈಬರಹದ್ದಲ್ಲ, ಅಪ್ಪನದೂ ಅಲ್ಲ,
ಪೆನ್ಸಿಲ್ಲಿನದು, ಬಲಕ್ಕೆ ವಾಲಿದೆ:

ಗಣೋಜಿ ರಾವ್, ಐವತ್ತೊಂದು ಕೆಜಿ.
ಚಪ್ಪಲಿ ಸೇರಿ.