ತೊಲಿ

ಮಹಾಲಿಂಗಪುರದ ಬೆಲ್ಲದ ಗೋದಾಮಿನ್ಯಾಗ
ಹದಿನಾಕು ಫೂಟಿನ ಎತ್ತರಕ್ಕ ಕಬ್ಬಿಣದ ತೊಲಿ.
ಎತ್ತಿ ಹೊಡದ್ರ ಪಾಯಿಂಟ್ ಹೋತು,
ಶಟಲ್ಲೂ ಹೋತು, ಇಪ್ಪತ್ತು ರೂಪಾಯಿ.
ಅದಕ್ಕ ಮಹಾನಂದಾ
ನೆಟ್ಟಿನ ಮ್ಯಾಲ ಬಟ್ಟಿನಷ್ಟ ಜಾಗಾ ಬಿಟ್ಟು
ಸಪಾಟ ಹೊಡೆಯೋದು ಕಲತಳು.

ಡೆನ್ಮಾರ್ಕಿನ್ಯಾಗ, ಜಕಾರ್ತಾದಾಗ
ಮ್ಯಾಲ ಏನಿತ್ತು? ಬರೇ ದೀಪ.
ಆದರೂ ಇಕಿ ಕೆಳಗಽ ಹೊಡದು
ಏಳು ಕಪ್ಪು ತಂದಳು.
ಟೀವಿಯವರು ಅದಕ್ಕ ಶೈಲಿ ಅಂದರು.
ನಾವು ಹಮಾಲರು
ತೂಕದ ಕಟ್ಟಿ ಮ್ಯಾಲ ಕುಂತು ನಕ್ಕಿವಿ.

ಮೊಣಕಾಲು ಕೈಬಿಟ್ಟ ವರ್ಷ ಬಂದಳು.
ಇರಬಿ ಝಾಡಿಸಿ, ಚಾಕಿನ ಗೆರಿ ಹುಡುಕಿ,
ನನ್ನ ಹಳೇ ರ‍್ಯಾಕೆಟ್ ಇಸಗೊಂಡು
ಒಂದಽ ಒಂದು, ಮುಗಿಲಿಗೆ ಹೊಡದಳು.

ಟಪ್.
ಹಳೇ ಪುಕ್ಕಗಳ ಸಾಲಿನ್ಯಾಗ ಅದೂ ಕುಂತಿತು.

"ಇನ್ನೂ ಐತಲ್ಲೋ ಇದು," ಅಂದಳು.
ಕುತ್ತಿಗಿ ಇಳಿಸಲೇ ಇಲ್ಲ.