ಎಲೆಯ ತುದಿ

ಪೇಪರ್ ಹಾಕುವ ರಂಜು ತೋಕ್‌ಪೂ ತಂದುಕೊಟ್ಟ,
ನಿನ್ನೆಯ ಸುದ್ದಿಯಲ್ಲಿ ಸುತ್ತಿ.
"ಗೆಡ್ಡೆ ಮಾತ್ರ ಮುಟ್ಟಬೇಡಿ ಅಕ್ಕ, ವಿಷ" ಅಂದ,
ಗೆಡ್ಡೆಯನ್ನೇನೂ ತಂದಿರದ ಹುಡುಗ.
ಕೈಲ್‌ಪೊಳ್ದ್ ಕಳೆದು ಮೂರು ದಿನ.
ಕೋವಿಯ ಬಾಯಲ್ಲಿ ಮೆರೆದು ಬಾಡಿದ್ದಲ್ಲ ಇದು,
ಯಾರ ಕಣ್ಣಿಗೂ ಬೀಳದೆ ಬೇಲಿಯಲ್ಲಿ ಉಳಿದದ್ದು.

ಹಗಲೆಲ್ಲ ನಾನು ಪತ್ರ ಬರೆಯುವವಳು,
ವಿರಾಜಪೇಟೆಯ ನೋಂದಣಿ ಕಚೇರಿಯೆದುರು:
ಮಡಚುವ ಮೇಜು, ಛಾಪಾ ಕಾಗದ, ನೀಲಿ ಶಾಯಿ.
ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಸದರಿಯವರ ಅಣ್ಣನ ಕಾಫಿ,
ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಪೈಸಾರಿ.
ಚಕ್ಕುಬಂದಿ ಬರೆದೂ ಬರೆದೂ
ಸಂಜೆಗೆ ಬೆರಳಿನಲ್ಲೇ ಬೇಲಿ ಮೊಳೆತಿರುತ್ತದೆ.

ಅದಕ್ಕೇ ನನಗೆ ನೀರು ಬೇಕು.
ಹಾಳೆ ತೋಯಿಸಿ ಹಳದಿ ಇಟ್ಟೆ ಎಸಳಿನ ಬುಡಕ್ಕೆ,
ತುದಿಗೆ ಕೆಂಪು. ನಡುವೆ ಏನೂ ಇಡಲಿಲ್ಲ.
ಅವೆರಡೂ ತಾವಾಗಿ ನಡೆದುಬಂದವು.
ಎಲ್ಲಿ ಸೇರಿದವೋ ಹೇಳಲಾರೆ,
ಯಾವ ಸರ್ವೇಯರ್ ಬಂದರೂ ಅಲ್ಲಿ ಕಲ್ಲು ನೆಡಲಾರ.

ಆದರೆ ಒಣಗಬೇಕಲ್ಲ!
ಸೆಪ್ಟೆಂಬರಿನಲ್ಲಿ ಇಲ್ಲಿ ಕಾಗದವೂ ಉಪ್ಪಿನ ಹಾಗೆ ಬೆವರುತ್ತದೆ.
ಫ್ರಿಜ್ಜಿನ ಬೆನ್ನಿಗೆ ಒರಗಿಸಿಟ್ಟೆ ಒಂದು ರಾತ್ರಿ,
ಇಸ್ತ್ರಿಪೆಟ್ಟಿಗೆ ಮೇಲೆ ಹಿಡಿದು, ಹೆದರಿ, ತೆಗೆದೆ.
ಮೂರನೆಯ ದಿನ ಕೆನ್ನೆಗೆ ತಾಗಿಸಿ ನೋಡಿದರೆ
ಇನ್ನೂ ತಣ್ಣಗಿತ್ತು. ತಣ್ಣಗಿದ್ದರೆ ಹಸಿಯೆಂದೇ ಅರ್ಥ.

ಮಹಡಿಯ ಸಫೂರಾ ಕಾಯುವವಳಲ್ಲ.
ಮದುಮಗಳ ಮೊಣಕೈವರೆಗೆ
ಎದ್ದೇಳದೆ ಮದರಂಗಿ ತುಂಬಿಸುವ ಕೈ ಅವಳದು:
ಜಾಲರಿ, ಮಾವಿನಕಾಯಿ, ಚೌಕುಳಿ, ಚುಕ್ಕಿಸಾಲು.
"ಉಸಿರು ಬಿಡುವಾಗ ಎಳೀಬೇಕು, ತಗೊಳ್ಳುವಾಗ ನಿಲ್ಲಿಸಬೇಕು"
ಎನ್ನುತ್ತ ನನ್ನ ಕಪ್ಪು ಪೆನ್ನು ಕಿತ್ತುಕೊಂಡಳು.
"ಹೂವಿನ ಸುತ್ತ ಚೌಕಟ್ಟು ಹಾಕಲಾ?"
ಬೇಡ ಎಂದೆ. ತುಸು ಜೋರಾಗೇ ಎಂದೆ.
ಚೌಕಟ್ಟು ಎಂದರೆ ನನಗೆ ನಾಲ್ಕು ದಿಕ್ಕೂ ಕೇಳಿಸುತ್ತದೆ.

ಅವಳು ಮುನಿಸಿಕೊಳ್ಳಲಿಲ್ಲ. ಲೋಟದಲ್ಲಿ ಬಾಡತೊಡಗಿದ ಬಳ್ಳಿಯನ್ನು
ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ
"ಇದೇನೇ ಇದು?" ಅಂದಳು.
ಎಲೆಯ ತುದಿ.
ಎಲೆ ಎಲೆಯಾಗಿಯೇ ಹೋಗಿ ಹೋಗಿ
ಕೊನೆಗೆ ಸಣ್ಣಗಾಗಿ, ಸುರುಳಿಯಾಗಿ,
ಪಕ್ಕದ ಗಿಡದ ಕೈ ಹಿಡಿಯುವ ಕೊಕ್ಕೆಯಾಗಿತ್ತು.
ಇಷ್ಟು ವರ್ಷ ಬೇಲಿಬೇಲಿಯಲ್ಲಿ ನೋಡಿದ ಹೂ,
ನನಗೆ ಕಂಡಿದ್ದು ಬರೀ ಕೆಂಪು.

ಹಸಿರು ತೆಳುವಾಗಿ ಇನ್ನೇನು ಬಿಳಿಯಾಗಬೇಕು,
ಅಲ್ಲಿ ಪೆನ್ನಿಟ್ಟಳು. ಸುರುಳಿ ಮುಂದುವರಿಯಿತು.
ಸುರುಳಿಯಿಂದ ಜಾಲರಿ, ಜಾಲರಿಯಿಂದ ಮಾವಿನಕಾಯಿ,
ಮಾವಿನ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಚೌಕುಳಿ,
ಹಾಳೆಯ ಅಂಚಿಗೆ ಬಂದರೂ
ನಿಲ್ಲುವ ಮನಸ್ಸಿಲ್ಲದ ಗೆರೆ.
ಒಂದು ಕಡೆ ಮಾತ್ರ ಶಾಯಿ ಚದುರಿತು.
ಹೇಳಿದ್ದೆನಲ್ಲ, ಹಸಿಯೆಂದು.
ಕೂದಲೆಳೆಯ ಕಾಲುಗಳು ಹೊರಟವು ಕೆಂಪಿನೊಳಕ್ಕೆ.
ಸಫೂರಾ ನಾಲಿಗೆ ಕಚ್ಚಿಕೊಂಡಳು,
ಆಮೇಲೆ ಕಲೆಯ ಸುತ್ತ ಚುಕ್ಕಿ ಇಡುತ್ತ ಬಂದಳು, ಒಂದೊಂದೇ,
ಅಳುವ ಮಗುವಿನ ಸುತ್ತ ಹೆಂಗಸರು ಬಂದು ಕೂತ ಹಾಗೆ.

ಸೋಮವಾರ. ಅಣ್ಣತಮ್ಮಂದಿರ ಪಾಲುಪತ್ರ.
ಉತ್ತರಕ್ಕೆ ಪೈಸಾರಿ ಎಂದು ಬರೆದು ಮುಗಿಸುವಾಗ
'ರಿ'ಯ ಗುಡಿಸು ಕೈಮೀರಿ ಸುತ್ತಿ ಸುತ್ತಿ
ಮೇಲಿನ ಸಾಲಿಗೆ ಹತ್ತಿಕೊಂಡಿತು.
ತಮ್ಮ ಕನ್ನಡಕ ಏರಿಸಿ, ಬಗ್ಗಿ ಕೇಳಿದ:
"ಇದೇನಕ್ಕ, ಗಡಿ ಆಚೆ ಹೋಯ್ತಲ್ಲ?"
ಎರಡು ವರ್ಷದಿಂದ ಮಾತಿಲ್ಲದ ಅಣ್ಣ ಪಕ್ಕಕ್ಕೆ ತಿರುಗಿ ನಕ್ಕ.
ನಾನು ಹೊಸ ಛಾಪಾ ಕಾಗದ ತೆಗೆದೆ,
ನನ್ನದೇ ಖರ್ಚಿನಲ್ಲಿ.