ಬಲಗಡೆ ಬಾಕಿ

ಬೆಂಚು ಉದ್ದ, ಒಂದು ಕಾಲು ಕುಂಟು.
ಬುಧವಾರ ಹತ್ತೂವರೆಗೆ ಬಾಗಿಲು ಹಾಕಿಕೊಳ್ಳುತ್ತದೆ.
ಒಳಗೆ ನಮ್ಮ ಮಕ್ಕಳು, ಟೀಚರು, ಬಣ್ಣದ ಮಣಿ.
ಹೊರಗೆ ಚಪ್ಪಲಿಗಳ ಪಕ್ಕ ನಾವು,
ಮುಕ್ಕಾಲು ಗಂಟೆ.

ಮೊದಲೆರಡು ವಾರ ನಾನು ಯಾರ ಮುಖವನ್ನೂ ನೋಡಲಿಲ್ಲ.
ಬೀಡಿಯ ಮೊರ ತಂದಿದ್ದೆ, ಎಲೆ ಕತ್ತರಿಸುತ್ತ ಕೂತೆ.
"ಮಗುವಿನ ಹತ್ತಿರ ಒಂದೇ ಭಾಷೆಯಲ್ಲಿ ಮಾತಾಡಿ"
ಎಂದಿದ್ದರು ಕಾಸರಗೋಡಿನ ಡಾಕ್ಟರು, ಮಲಯಾಳದಲ್ಲಿ.
ತಲೆಯಾಡಿಸಿದ್ದೆ. ಯಾವ ಒಂದು?
ಒಲೆಯ ಮುಂದೆ ತುಳು, ಅಂಗನವಾಡಿಯಲ್ಲಿ ಕನ್ನಡ,
ಬಸ್ಸಿನ ಬೋರ್ಡು ಮಲಯಾಳ, ಪಕ್ಕದ ಮನೆಯ ಟೀವಿ ಹಿಂದಿ.
ಆರು ವರ್ಷದ ಮನ್ವಿತ ಯಾವುದಕ್ಕೂ ತಕರಾರು ಮಾಡಿದವನಲ್ಲ,
ಎಲ್ಲದರಲ್ಲೂ ಸುಮ್ಮನಿದ್ದ.
ನನ್ನ ಕನಸಿನಲ್ಲಿ ಮಾತ್ರ ಕರೆಯುತ್ತಾನೆ,
ಅಪ್ಪೆ ಅಂತಲೋ, ಅಮ್ಮ ಅಂತಲೋ,
ಎದ್ದರೆ ನೆನಪಿರುವುದಿಲ್ಲ.

ಮೂರನೆಯ ವಾರ ಮೊಗ್ರಾಲಿನ ಮೈಮೂನ ಕೇಳಿದಳು:
"ತಲೆಕೂದಲಿಗೆ ಎಂತ ಮಾಡುತ್ತೀರಿ?"

ಅದನ್ನು ಯಾರೂ ಕೇಳಿರಲಿಲ್ಲ.
ಹರಕೆ ಹೇಳಿಕೊಂಡಿರಾ ಕೇಳಿದ್ದರು,
ಬಸುರಿಯಲ್ಲಿ ಎಂತ ತಿಂದದ್ದು ಕೇಳಿದ್ದರು,
ಯಾರ ಕಡೆಯಿಂದ ಬಂತು, ಅತ್ತೆಯ ತಂಗಿ ಎರಡು ಸಲ ಕೇಳಿದ್ದರು.

ನಿದ್ದೆ ಹತ್ತಿದ ಮೇಲೆ, ಎಂದೆ, ಈ ಬೀಡಿ ಕತ್ತರಿಯಲ್ಲಿ.
ಈ ಕಿವಿಯ ಕಡೆ ಒಂದು ರಾತ್ರಿ,
ಮಗ್ಗುಲು ಬದಲಿಸಿದ ದಿನ ಆ ಕಡೆ.
ಅವಳು ನಕ್ಕಳು. ಆಚೆ ತುದಿಯಿಂದ ಫ್ಲೇವಿಯಾ ಬಾಯಿಯೂ.
ನಾನೂ ನಕ್ಕೆನೋ ಏನೋ,
ಬೆಂಚು ಟಕ್ಕೆಂದು ಆ ಕಾಲಿನ ಕಡೆ ವಾಲಿತು.

"ಉಪ್ಪಳದಲ್ಲಿ ಒಬ್ಬರು ಉಂಟು ಮಾರಾಯ್ತಿ, ಗಂಗಾಧರ ಭಂಡಾರಿ.
ಮಂಗಳವಾರ ಅವರಿಗೆ ರಜೆ,
ನಮ್ಮ ಮಕ್ಕಳಿಗೆಂದು ಷಟರು ಅರ್ಧ ಎತ್ತುತ್ತಾರೆ.
ಫ್ಯಾನಿಲ್ಲ, ರೇಡಿಯೋ ಇಲ್ಲ, ಆ ಗುಂಯ್ ಅನ್ನುವ ಮಿಷನ್ನಿಲ್ಲ,
ಕನ್ನಡಿಗೆ ಟವೆಲು ಹೊದಿಸುತ್ತಾರೆ.
ಮೊದಲ ಸಲ ಕತ್ತರಿ ಕಿಸೆಯಿಂದ ಹೊರಗೇ ಬರುವುದಿಲ್ಲ.
ಆಮೇಲೆ ಒಂದು ದಿನ ಬಾಚಣಿಗೆ ಮಗುವಿನ ಕೈಗೆ ಕೊಟ್ಟು
ತನ್ನ ತಲೆ ಬಗ್ಗಿಸುತ್ತಾರೆ.
ನಮ್ಮ ಝಿಯಾದನಿಗೆ ನಾಲ್ಕು ಮಂಗಳವಾರ ಬೇಕಾಯಿತು."
ಹಣ?
"ಕೂದಲು ಬಿದ್ದ ದಿನ ಮಾತ್ರ."

ನನ್ನಲ್ಲಿ ಕಾಗದವಿರಲಿಲ್ಲ.
ಕತ್ತರಿಸಿಟ್ಟ ಎಲೆಯೊಂದನ್ನು ಮಂಡಿಯ ಮೇಲೆ ಹರಡಿ
ಹತ್ತು ಅಂಕಿ ಬರೆದುಕೊಟ್ಟಳು.
ಆ ಎಲೆ ಬೀಡಿಯಾಗಲಿಲ್ಲ.
ಲೆಕ್ಕದಲ್ಲಿ ಒಂದು ಕಡಿಮೆ ಬಂದದ್ದಕ್ಕೆ ಬ್ರಾಂಚಿನವ ಗೊಣಗಿದ.

ಮೊದಲ ಮಂಗಳವಾರ ಮನ್ವಿತ ಷಟರಿನ ಕೆಳಗೇ ಕೂತ,
ಭಂಡಾರಿಯವರೂ ಅಲ್ಲೇ ನೆಲದಲ್ಲಿ ಕೂತರು.
ಇಬ್ಬರೂ ಇರುವೆಸಾಲು ನೋಡಿದರು.
ಎರಡನೆಯದಕ್ಕೂ ಅಷ್ಟೇ.
ಮೂರನೆಯದಕ್ಕೆ ಮಳೆ, ಹೋಗಲಿಲ್ಲ.

ಐದನೆಯದಕ್ಕೆ ಎಡಗಡೆ ಆಯಿತು.
ಅಷ್ಟರಲ್ಲಿ ಹೊರಗೆ ಲಾರಿ ಹಾರನ್ನು ಹೊಡೆಯಿತು,
ಅವನು ಎರಡೂ ಕಿವಿ ಮುಚ್ಚಿಕೊಂಡ,
ಭಂಡಾರಿಯವರು ಕತ್ತರಿ ಕಿಸೆಗೆ ಹಾಕಿದರು.
"ಇವತ್ತಿಗೆ ಇಷ್ಟು."
ಹಣ ತೆಗೆದುಕೊಂಡರು, ಅರ್ಧ.

ಒಂದು ಕಡೆ ಮಾತ್ರ ಕತ್ತರಿಸಿದ ತಲೆಯನ್ನು
ನನ್ನ ಭುಜಕ್ಕೆ ಒರಗಿಸಿಕೊಂಡು ಬಸ್ಸಿನಲ್ಲಿ ಬಂದೆ.
ನೋಡುವವರು ನೋಡಿದರು.
ಬಲಗಡೆ ಇನ್ನೂ ಬಾಕಿ ಉಂಟು ಎಂದೆ, ಕೇಳಿದ ಕಂಡಕ್ಟರಿಗೆ,
ದೊಡ್ಡ ಸ್ವರದಲ್ಲಿ,
ಯಾವ ಭಾಷೆಯಲ್ಲಿ ಹೇಳಿದೆನೋ.